ತಿರುವಿನ ಜಗಲಿ

ಕೆಂಪು ಗಾಡಿಯ ಮೂತಿ ಓಣಿಯೊಳಗೆ ತೂರುತ್ತಲೇ ಎರಡೂ ಕಡೆಯ ಕಿಟಕಿಗಳು ಗಡಗಡ ನಡುಗಿದವು. ಬಾಗಿಲಲ್ಲಿ ನಿಂತವರೆಲ್ಲ ತಮಗರಿವಿಲ್ಲದೆ ಹೊಟ್ಟೆ ಒಳಗೆಳೆದುಕೊಂಡರು, ತಾವು ತೆಳ್ಳಗಾದರೆ ಓಣಿ ಅಗಲವಾದೀತು ಎನ್ನುವ ಹಾಗೆ. ಅಗ್ನಿಶಾಮಕ ವಾಹನ ಮುಖ್ಯರಸ್ತೆಯಲ್ಲಿ ಬೊಬ್ಬಿಡುತ್ತ ಓಡುವುದನ್ನು ಈ ಓಣಿಯಲ್ಲೇ ಬೆಳೆದ ಅವಳು ಎಷ್ಟೋ ಸಲ ಕಂಡಿದ್ದಳು. ಹೀಗೆ ಅದರ ಬಿಸಿ ಕೆನ್ನೆಗೆ ತಾಗುವಷ್ಟು ಹತ್ತಿರದಲ್ಲಿ, ತಾನು ಕುಂಟಾಬಿಲ್ಲೆ ಆಡಿದ ಕಲ್ಲುಗಳ ಮೇಲೆ, ಬೆಟ್ಟವೊಂದು ಅಂಬೆಗಾಲಿಡುವಂತೆ ಬರುವುದನ್ನು ಕಂಡಿರಲಿಲ್ಲ.

ಓಣಿಯ ಕೊನೆಯಾಚೆಗಿನ ಬಯಲಿನಲ್ಲಿ ಹೊಸ ಬಡಾವಣೆಗೆ ಪುರಸಭೆಯಲ್ಲಿ ಅರ್ಜಿ ಬಿದ್ದಿತ್ತು. ಅಲ್ಲಿಗೆ ಈ ಓಣಿಯೇ ದಾರಿ ಎಂದು ಬಯಲಿನ ಮಾಲೀಕರು ತೋರಿಸಿದ್ದರು. ದಿನವಿಡೀ ಗಾಡಿಗಳ ಗಲಾಟೆ ನಮಗೆ ಬೇಡ ಎಂದು ಓಣಿಯವರು ತಕರಾರು ತೆಗೆದರು. ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಕಡೆಗೆ ಪುರಸಭೆಯ ಇಂಜಿನಿಯರ್ ಮೇಜು ಕುಟ್ಟಿ, "ಬೆಂಕಿ ಗಾಡಿ ಒಳಗೆ ಹೋದ್ರೆ ದಾರಿ, ಹೋಗ್ದಿದ್ರೆ ಇಲ್ಲ. ಓಡಿಸೇ ನೋಡ್ಬಿಡೋಣ," ಎಂದಿದ್ದರು.

ಅದೇ ಪುರಸಭೆಯಲ್ಲಿ ನಕ್ಷೆ ಬರೆಯುವವಳು ಅವಳು. ಓಣಿಯ ನಕ್ಷೆ ಅವಳ ಕೈಯದೇ. ಅದರ ಪ್ರಕಾರ ಗಾಡಿ ಸಲೀಸಾಗಿ ತಿರುಗಬೇಕು. ತಿರುವಿನ ಮನೆಯಾದರೋ ಅವಳನ್ನು ಸಾಕಿದ ದೊಡ್ಡಮ್ಮನದು. "ಅನ್ನ ಹಾಕಿದ ಮನೆಗೂ ಸಂಬಳ ಕೊಡೋ ಕಚೇರಿಗೂ ನಡುವೆ ಸಿಕ್ಕಿಬಿದ್ದಿದ್ದೀಯ ಕಣೇ," ಎಂದು ದೊಡ್ಡಮ್ಮ ಬೆಳಿಗ್ಗೆ ಜಡೆ ಎಳೆದು ಹೇಳಿದ್ದಳು. "ಬಾಯಿ ಮುಚ್ಕೊಂಡಿರು. ಅದನ್ನ ನಿಂಗೆ ಬೇರೆ ಹೇಳ್ಕೊಡಬೇಕಾ?"

ತಿರುವಿನಲ್ಲಿ ಗಾಡಿ ಮೈ ಹೊರಳಿಸಿತು. ಕನ್ನಡಿಗಳನ್ನು ಮಡಿಸಿ ಚಾಲಕ ಇಂಚಿಂಚೇ ಬಿಟ್ಟ. ಕರ್ರ್ ಎಂದು ಕಬ್ಬಿಣ ಕಲ್ಲನ್ನು ಉಜ್ಜಿತು. ದೊಡ್ಡಮ್ಮನ ಜಗಲಿ.

"ಈ ಜಗಲಿ ನಕ್ಷೇಲಿ ಎಲ್ಲಿದೆ?" ಇಂಜಿನಿಯರ್ ಕಾಗದ ಬಿಡಿಸಿ ಹುಡುಕಿದರು.

ಅವಳೂ ಬಗ್ಗಿ ನೋಡಿದಳು. ಕಚೇರಿಯ ರೂಢಿಯಲ್ಲಿ ಗೋಡೆಗಷ್ಟೇ ಗೆರೆ. ಗೋಡೆಯಿಂದ ಹೊರಗೆ ಚಾಚಿದ್ದಕ್ಕೆ ಗೆರೆಯಿಲ್ಲ. ಆ ಜಗಲಿಯ ಮೇಲೆ ಅವಳು ಅಕ್ಷರ ತಿದ್ದಿದ್ದಳು, ಸೆಕೆಯ ಮಧ್ಯಾಹ್ನಗಳಲ್ಲಿ ನಿದ್ದೆ ಹೋಗಿದ್ದಳು. ಬರೆಯುವಾಗ ಮಾತ್ರ ಕೈ ಗೋಡೆಗೇ ನಿಂತುಬಿಟ್ಟಿತ್ತು.

"ಇಲ್ಲ ಸಾರ್," ಎಂದಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. "ತಪ್ಪು ನಂದು. ಗೋಡೆ ಮಾತ್ರ ಬರ್ದಿದೀನಿ."

ಇಂಜಿನಿಯರ್ ನಿಟ್ಟುಸಿರಿಟ್ಟರು. "ಜಗಲಿ ಇವರ ಸ್ವಂತ ಜಾಗದಲ್ಲಿದೆ. ಇವರಾಗಿ ಬಿಟ್ಟುಕೊಟ್ರೆ ಸರಿ, ಇಲ್ಲಾಂದ್ರೆ ಬಡಾವಣೆ ಕಥೆ ಮುಗೀತು."

ಓಣಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ದೊಡ್ಡಮ್ಮ ಜಗಲಿಯ ಮೇಲೆ ಪಟ್ಟಕ್ಕೇರಿದವಳಂತೆ ಕೂತು, "ಹೋಗ್ಬನ್ರಪ್ಪ, ಬೇರೆ ಕಡೆ ದಾರಿ ನೋಡ್ಕೊಳ್ಳಿ," ಎಂದಳು.

ಆಗ ಕೊನೆಮನೆಯ ಮೇಷ್ಟ್ರ ಹೆಂಡತಿ ಮುಂದೆ ಬಂದರು. ಮೇಷ್ಟ್ರು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. "ಅಲ್ಲಪ್ಪಾ, ನಮ್ಮನೇಲಿ ಬೆಂಕಿ ಹತ್ಕೊಂಡ್ರೆ ನೀವು ಹೇಗೆ ಬರ್ತೀರಿ?"

"ಇಲ್ಲೇ ನಿಂತು ಪೈಪು ಎಳೀತೀವಿ ಅಮ್ಮ," ಎಂದ ಚಾಲಕ.

"ಎಳೀರಿ ನೋಡೋಣ."

ಚಪ್ಪಟೆ ಪೈಪು ಸುರುಳಿ ಬಿಚ್ಚುತ್ತ ಹೊರಟಿತು. ಗೆದ್ದ ಖುಷಿಯಲ್ಲಿದ್ದ ಓಣಿಯವರೂ ಹೆಗಲು ಕೊಟ್ಟರು. ನೀರು ಬಿಟ್ಟೊಡನೆ ಅದು ಹೆಗಲಿಂದ ಹೆಗಲಿಗೆ ಉಬ್ಬುತ್ತ, ಮಿಡುಕುತ್ತ, ಜೀವ ಬಂದಂತೆ ಎದ್ದಿತು. ತುದಿಯಿಂದ ನೀರು ಭೋರೆಂದು ಚಿಮ್ಮಿತು. ಸೂರುಗಳನ್ನು ದಾಟಿ ಮೇಲೆ ಹೋಗಿ, ಅಲ್ಲಿ ಒಂದು ಗಳಿಗೆ ಬಿಳಿಯ ಮರದಂತೆ ನಿಂತು, ಕೆಳಗೆ ಅಪ್ಪಳಿಸಿತು. ಇಂಥದೊಂದು ಶಕ್ತಿ ತಮ್ಮ ಊರಲ್ಲೇ, ಗಂಟೆ ಬಾರಿಸಿದರೆ ಬರುವಷ್ಟು ಹತ್ತಿರದಲ್ಲಿ, ಇಷ್ಟು ದಿನ ಸುಮ್ಮನೆ ನಿಂತಿತ್ತಲ್ಲ ಎಂದು ಅವಳ ಮೈ ಜುಮ್ಮೆಂದಿತು. ಯಾರೂ ಎವೆ ಮುಚ್ಚಲಿಲ್ಲ.

ನೀರು ನಿಂತ ಮೇಲೆ ನೆಲ ಕಂಡಿತು. ಮೇಷ್ಟ್ರ ಮನೆಗೆ ಇನ್ನೂ ಒಂದು ಮನೆ ಇರುವಾಗಲೇ ಒದ್ದೆ ಮುಗಿದಿತ್ತು. ಅವರ ಮೆಟ್ಟಿಲ ಮೇಲಿನ ಧೂಳು ಧೂಳಾಗಿಯೇ ಇತ್ತು.

"ಇರೋ ಪೈಪೆಲ್ಲ ಜೋಡಿಸಿದ್ದಾಯ್ತು," ಎಂದ ಚಾಲಕ, ಮೆಲ್ಲಗೆ.

ದೊಡ್ಡಮ್ಮ ಜಗಲಿಯಿಂದಿಳಿದು ಒಣ ಮೆಟ್ಟಿಲ ತನಕ ನಡೆದಳು. ಅಲ್ಲೇ ನಿಂತು ಹಿಂದೆ ತಿರುಗಿ, ತನ್ನ ಮನೆಯನ್ನು ಬೇರೆಯವರ ಮನೆ ನೋಡುವಂತೆ ನೋಡಿದಳು.

"ಆ ಜಗಲಿ ಇಲ್ದಿದ್ರೆ ಗಾಡಿ ಇಲ್ಲೀತನಕ ಬರುತ್ತಾ?"

"ಬರುತ್ತೆ," ಎಂದರು ಇಂಜಿನಿಯರ್. "ಬಡಾವಣೆಯವರ ಗಾಡಿಗಳೂ ಬರ್ತವೆ, ಯೋಚ್ನೆ ಮಾಡಿ."

"ಬೇಡ ಅಕ್ಕಾ," ಮೇಷ್ಟ್ರ ಹೆಂಡತಿ ಅವಳ ಕೈ ಹಿಡಿದರು. "ನಾನು ಸುಮ್ನೆ ಕೇಳ್ದೆ."

"ನೀನು ಸುಮ್ನೆ ಕೇಳ್ದೆ. ನಾನು ಸುಮ್ನೆ ನೋಡ್ಲಿಲ್ವಲ್ಲ." ದೊಡ್ಡಮ್ಮ ಇಂಜಿನಿಯರ್ ಕಡೆ ತಿರುಗಿದಳು. "ತೆಗೀರಿ. ಕಲ್ಲು ಮಾತ್ರ ನಂಗೇ ಬೇಕು, ಬಟ್ಟೆ ಒಗೆಯೋಕೆ."

ತಿಂಗಳು ಕಳೆಯುವುದರೊಳಗೆ ಗಾಡಿ ಮತ್ತೆ ಬಂತು. ಜಗಲಿಯಿದ್ದಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಈ ಸಲ ಯಾರೂ ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ. ಚಾಲಕ ಒಮ್ಮೆಯೂ ನಿಲ್ಲಿಸದೆ ಹೊರಳಿಸಿದ. ಹೊಸಿಲ ಮೇಲೆ ನಿಂತಿದ್ದ ದೊಡ್ಡಮ್ಮನ ಮುಂದೆ ಆ ಕೆಂಪು ಮೈ ಮುಗಿಯದ ಹಾಗೆ ಸರಿಯತೊಡಗಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮುಂದೆ ಚಾಚಿ, ಅಂಗೈಯನ್ನು ಅದರ ಮೇಲೆ ಮೆಲ್ಲಗೆ ಇಟ್ಟಳು. ಗಾಡಿ ಪೂರ್ತಿ ದಾಟುವವರೆಗೂ ತೆಗೆಯಲಿಲ್ಲ.