ಮೂರನೆಯ ಮೇಜಿನ ಲೆಕ್ಕ

ಚೀಲ ಹೊಲಿಯುವ ಕಾರ್ಖಾನೆಯೊಂದರ ಕಿಟಕಿ ಪಕ್ಕದಲ್ಲಿ ಐದು ಮೇಜುಗಳ ಸಾಲೊಂದಿತ್ತು. ಮೊದಲನೆಯದರಲ್ಲಿ ಬಟ್ಟೆ ಜೋಡಿಸುವುದು, ಎರಡನೆಯದರಲ್ಲಿ ಜೇಬು, ಮೂರನೆಯದರಲ್ಲಿ ಜಿಪ್ಪು, ನಾಲ್ಕನೆಯದರಲ್ಲಿ ಹಿಡಿಕೆ, ಕೊನೆಯದರಲ್ಲಿ ದಾರ ಕತ್ತರಿಸಿ ಮಡಚುವುದು. ಜಿಪ್ಪಿನ ಮೇಜಿನಲ್ಲಿ ಅಕ್ಕ, ಹಿಡಿಕೆಯ ಮೇಜಿನಲ್ಲಿ ಅವಳ ತಂಗಿ.

ಅಕ್ಕನ ಮುಂದೆ ಸದಾ ಚೀಲದ ಗುಡ್ಡ. ತಂಗಿಯ ಮುಂದೆ ಬರೀ ಖಾಲಿ ಹಲಗೆ.

“ಆಮೆಯಕ್ಕಾ, ಬೇಗ ದಾಟ್ಸೇ! ನನ್ನ ಮಷೀನಿಗೆ ಜೇಡ ಬಲೆ ಕಟ್ತು!”

ತಂಗಿ ತಮಾಷೆಗೆಂದೇ ಅಂದಿದ್ದಳು. ಸಂಜೆಯೊಳಗೆ ಆ ಹೆಸರು ಸಾಲಿನವರ ಬಾಯಲ್ಲೆಲ್ಲ ಓಡಾಡಿತು. ಸೂಪರ್‌ವೈಸರ್ ಕೂಡ ಹಾಗೇ ಕರೆದ. ಅಕ್ಕ ನಕ್ಕಳು. ಮರುದಿನದಿಂದ ನೀರಿನ ಬಾಟಲಿ ತರುವುದನ್ನೇ ಬಿಟ್ಟಳು.

“ಯಾಕೇ?” ಎಂದಳು ತಂಗಿ.

“ಕುಡಿದ್ರೆ ಎದ್ದು ಹೋಗ್ಬೇಕಲ್ಲೇ. ಎದ್ರೆ ಗುಡ್ಡ ಬೆಳೆಯುತ್ತೆ.”

ತಂಗಿ ಅದನ್ನೂ ನಕ್ಕು ಮರೆತಳು. ಏಳು ತಿಂಗಳಾದ ಮೇಲೆ ಅಕ್ಕನಿಗೆ ಚಳಿಜ್ವರ ಬಂತು, ಸೊಂಟ ಸಿಡಿಯತೊಡಗಿತು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು, ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಡಾಕ್ಟರು. ಒಂದು ಮೂತ್ರಪಿಂಡ ಪೂರ್ತಿ ಕೆಟ್ಟುಹೋಗಿತ್ತು. ಅಕ್ಕ ಮತ್ತೆ ಕೆಲಸಕ್ಕೆ ಬರಲಿಲ್ಲ.

ಅವಳ ಕುರ್ಚಿಗೆ ಇನ್ನೊಬ್ಬಾಕೆ ಬಂದಳು. ಹತ್ತು ವರ್ಷ ಜಿಪ್ಪೇ ಹೊಲಿದು ಪಳಗಿದ ಕೈ. ವಾರದೊಳಗೆ ಅವಳ ಮುಂದೆಯೂ ಗುಡ್ಡ.

ಯಂತ್ರ ರಿಪೇರಿಗೆ ಬರುವಾಕೆಗೆ ಎಲ್ಲರೂ ಎಣ್ಣೆಕ್ಕ ಎನ್ನುತ್ತಿದ್ದರು. ಅವಳು ಗುಡ್ಡ ನೋಡಿ ನಿಂತಳು. “ಅಲ್ರೇ, ಆಮೆ ಹೋದ್ಮೇಲೂ ರಾಶಿ ಯಾಕ್ರೇ ಇದೆ?”

ಎಣ್ಣೆಕ್ಕ ಫೋನಿನ ಗಡಿಯಾರ ಹಿಡಿದು, ಒಂದೊಂದು ಮೇಜಿನಲ್ಲೂ ಹತ್ತು ಚೀಲಕ್ಕೆ ಹಿಡಿದ ಹೊತ್ತು ಬರೆದು, ಹತ್ತರಿಂದ ಭಾಗಿಸಿದಳು. ಒಂದು ಚೀಲಕ್ಕೆ ನಲವತ್ತು, ನಲವತ್ತೈದು, ಎಂಬತ್ತೈದು, ಐವತ್ತು, ನಲವತ್ತು ಸೆಕೆಂಡು.

“ಊಟ, ಬಿಡುವು ಕಳೆದ್ರೆ ದಿನಕ್ಕೆ ನಾನೂರೈವತ್ತು ನಿಮಿಷ. ಕೇಳ್ತಿರೋದು ನಾನೂರೈವತ್ತು ಚೀಲ. ಅಂದ್ರೆ ಚೀಲಕ್ಕೆ ಅರವತ್ತು ಸೆಕೆಂಡು. ಎಂಬತ್ತೈದರ ಕೆಲಸ ಅರವತ್ತಕ್ಕೆ ಹೇಗೆ ಮುಗಿಯುತ್ತೆ?”

“ಕೈ ಚುರುಕು ಮಾಡಿದ್ರೆ ಮುಗಿಯುತ್ತಪ್ಪ,” ಎಂದ ಸೂಪರ್‌ವೈಸರ್.

“ನೀವೇ ಕೂತ್ಕೊಳ್ಳಿ ಸಾರ್, ನಾನು ಗಡಿಯಾರ ಹಿಡೀತೀನಿ.”

ಅವನು ಕೂರಲಿಲ್ಲ. ಎಣ್ಣೆಕ್ಕ ಕೆಲಸ ಹಂಚಿದಳು. ಜಿಪ್ಪು ಕೂರುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯುವುದು ಮೊದಲ ಮೇಜಿಗೆ, ಜಿಪ್ಪು ಎಳೆದು ನೋಡಿ ತುದಿ ಕತ್ತರಿಸುವುದು ಕೊನೆಯ ಮೇಜಿಗೆ. ತಲಾ ಹದಿನೈದು ಸೆಕೆಂಡು. ಜಿಪ್ಪಿಗೆ ಉಳಿದದ್ದು ಐವತ್ತೈದು. ಆ ಎರಡು ಮೇಜುಗಳೂ ಐವತ್ತೈದಕ್ಕೇ ನಿಂತವು. ಮೂರನೆಯ ದಿನ ಗುಡ್ಡ ಬೆಳೆಯುವುದು ನಿಂತು ಕರಗತೊಡಗಿತ್ತು.

ತಂಗಿಗೆ ಮಾತ್ರ ಖುಷಿಯಾಗಲಿಲ್ಲ. ದಿನದಿನದ ಚೀಲದ ಲೆಕ್ಕ ಬರೆದಿಡುವ ಹಳೆಯ ಪುಸ್ತಕ ತೆರೆದು ಅಕ್ಕನ ಹಾಳೆ ಹುಡುಕಿದಳು. ದಿನಕ್ಕೆ ಮುನ್ನೂರ ಅರವತ್ತು ಚೀಲ. ಅಂಗೈ ಮೇಲೆ ಭಾಗಿಸಿದಳು. ಎಪ್ಪತ್ತೈದು ಸೆಕೆಂಡು. ಪಳಗಿದ ಕೈಗಿಂತಲೂ ಹತ್ತು ಸೆಕೆಂಡು ಬೇಗ.

ಮನೆಗೆ ಬಂದು ಅಕ್ಕನ ಮಂಚದ ಬಳಿ ಕೂತಳು. “ನೀನು ನಿಧಾನ ಅಲ್ಲ ಕಣೇ ಅಕ್ಕಾ. ತಪ್ಪು ನಮ್ದು.”

“ಸುಮ್ನಿರೇ. ಗುಡ್ಡ ನನ್ನ ಮುಂದೆ ತಾನೆ ಇದ್ದಿದ್ದು?”

“ನಮ್ಮ ಪಾಲಿನ ಕೆಲಸಾನೂ ನಿನ್ನ ಮೇಜಿನ ಮೇಲಿತ್ತು. ಹೊಸಬಳ ಪಳಗಿದ ಕೈಗೇ ಚೀಲಕ್ಕೆ ಎಂಬತ್ತೈದು ಸೆಕೆಂಡು ಬೇಕು. ನಂಬಲ್ವಾ? ನೀನು ದಿನಕ್ಕೆ ಮುನ್ನೂರ ಅರವತ್ತು ಹೊಲಿದಿದ್ದೆ, ನೀನೇ ಲೆಕ್ಕ ಮಾಡು.”

ಅಕ್ಕ ಹಾಳೆ, ಪೆನ್ಸಿಲು ತೆಗೆದುಕೊಂಡಳು. ನಾನೂರೈವತ್ತು ನಿಮಿಷವನ್ನು ಸೆಕೆಂಡು ಮಾಡಿ ಭಾಗಿಸಿದಳು. ಎಪ್ಪತ್ತೈದು. ಅನುಮಾನದಿಂದ ಮತ್ತೊಮ್ಮೆ ಭಾಗಿಸಿದಳು. ಅದೇ ಉತ್ತರ. ಪೆನ್ಸಿಲು ಕೆಳಗಿಟ್ಟಳು.

“ಹಾಗಾದ್ರೆ,” ಎಂದಳು ಮೆಲ್ಲಗೆ, “ನಾನು ನೀರು ಕುಡೀಬಹುದಿತ್ತು.”

ತಂಗಿ ಎದ್ದು ಹೋಗಿ ಒಂದು ಲೋಟ ನೀರು ತಂದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಸಾಲಿನಲ್ಲಿ ಯಾರ ಮುಂದೆ ರಾಶಿ ಬೀಳುತ್ತಿದೆ? ಅವರನ್ನು ಬೈಯುವ ಮೊದಲು ಗಡಿಯಾರ ನೋಡಿ. ದಿನದ ಕೆಲಸದ ಹೊತ್ತನ್ನು ಬೇಕಾದ ಚೀಲ, ಬೂಟು, ಡಬ್ಬಿಗಳ ಸಂಖ್ಯೆಯಿಂದ ಭಾಗಿಸಿ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಮೇಜಿನ ಕೆಲಸವನ್ನು ಹಂಚಿಕೊಳ್ಳಿ. ಒಂದು ಹಾಳೆ, ಒಂದು ಪೆನ್ಸಿಲು ಸಾಕು. ನಾಳೆಯೇ ಮಾಡಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತವರು ಇನ್ನೂ ಆರೋಗ್ಯವಾಗಿರುವಾಗಲೇ ಮಾಡಿ.