ಕಾವಲಿನ ಉಜ್ಜುಗಲ್ಲು

ನಾನೊಂದು ಕಲ್ಲು. ದೇವರೆಂದು ನನಗೆ ಯಾರೂ ಕೈ ಮುಗಿದಿಲ್ಲ. ಸೀಗೆಹಟ್ಟಿಯ ಕಾವಲಿನಲ್ಲಿ, ಕಣ್ಣು ಹಾಯುವಷ್ಟು ದೂರವೂ ಹುಲ್ಲೇ ಇರುವ ಬಯಲಿನಲ್ಲಿ, ದನಗಳು ಮೈ ಉಜ್ಜಿಕೊಳ್ಳಲಿ ಎಂದು ನೆಟ್ಟ ಕಲ್ಲು. ಮರವೇ ಇಲ್ಲದ ಜಾಗದಲ್ಲಿ ತುರಿಕೆ ಹತ್ತಿದ ಹಸು ಎಲ್ಲಿಗೆ ಹೋಗಬೇಕು? ಹಟ್ಟಿಯ ಹಿರಿಯರು ಗುಡ್ಡದಲ್ಲಿ ನನ್ನನ್ನು ಸೀಳಿ, ಎತ್ತುಗಳಿಂದ ಎಳೆಸಿ ತಂದು, ಎದೆಯೆತ್ತರ ಮೇಲೆ ಬಿಟ್ಟು ಹುಗಿದರು. ಮೊದಮೊದಲು ಒರಟಾಗಿದ್ದೆ. ದನಗಳ ಕುತ್ತಿಗೆ, ಪಕ್ಕೆ ತಾಗಿ ತಾಗಿ ನನ್ನ ಸೊಂಟ ಎಣ್ಣೆ ಹಚ್ಚಿದಂತೆ ನುಣುಪಾಯಿತು.

ಆ ಹಟ್ಟಿಗೊಂದು ಕಟ್ಟಳೆ. ಕಾವಲಿನ ಹುಲ್ಲನ್ನು ಯಾರೂ ತನ್ನದು ಅನ್ನಬಾರದು. ಅಂದವರು ನನ್ನ ಬುಡಕ್ಕೆ ಒಂದು ಗಡಿಗೆ ಹಾಲು ಸುರಿದು ತಪ್ಪೊಪ್ಪಿಕೊಳ್ಳಬೇಕು. ಚಿತ್ತಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ತವರಿನ ಅಭ್ಯಾಸದಂತೆ ‘ನಮ್ಮ ಹುಲ್ಲು’ ಅಂದುಬಿಟ್ಟಳು. ಅತ್ತೆ ಬಿಡಲಿಲ್ಲ.

“ನಿಮ್ಮಪ್ಪ ಬಿತ್ತಿದ್ನೇನೇ? ಹಾಲು ಹುಯ್ಯಿ,” ಅಂದಳು.

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಚಿತ್ತಮ್ಮ ಬೆಳಗ್ಗೆ ಕರೆದ ಹಾಲನ್ನೆಲ್ಲ ಸುರಿದಳು. ಮತ್ತೆಂದೂ ಆ ಮಾತು ಅವಳ ಬಾಯಿಂದ ಬರಲಿಲ್ಲ. ಆಮೇಲೆ ಅತ್ತೆ ಸತ್ತಳು, ಗಂಡನೂ ಸತ್ತ. ಅವಳಿಗೆ ಉಳಿದದ್ದು ದನಗಳು. ದನಗಳಿಗಿದ್ದದ್ದು ಈ ಹುಲ್ಲು.

ಒಂದು ಬೇಸಿಗೆಯಲ್ಲಿ ಸರ್ಕಾರಿ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಚಿತ್ತಮ್ಮ ತಂದ ಮಜ್ಜಿಗೆ ಕುಡಿದರು. ಹಟ್ಟಿಯ ಯಜಮಾನ ಕ್ಯಾತಣ್ಣ ತಮ್ಮ ಕಟ್ಟಳೆಯನ್ನು ಅವರಿಗೆ ಬಿಡಿಸಿ ಹೇಳಿದ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಎಲ್ಲ ತಿಳಿದುಕೊಂಡ ಮೇಲೆಯೇ, ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು: ಈ ಕಾವಲು ನಿಮ್ಮದೇ?

ಅಲ್ಲ ಎಂದರು ಎಲ್ಲರೂ. ಹೆಮ್ಮೆಯಿಂದಲೇ ಅಂದರು. ಚಿತ್ತಮ್ಮ ಕೈ ಮುಗಿದು, “ನಮ್ದು ಅಂದ್ರೆ ತಪ್ಪಾಗ್ತೈತೆ ಸಾಮಿ,” ಅಂದಳು.

ಸಾಹೇಬರು ತಲೆ ತಗ್ಗಿಸಿ ನಕ್ಕರು. ಪಕ್ಕದಲ್ಲೇ ಇದ್ದ ನನಗೆ ಮಾತ್ರ ಆ ನಗು ಕಂಡಿತು. ಬೇಡ, ಹೇಳಬೇಡಿ ಎಂದು ಕೂಗಬೇಕೆನಿಸಿತು. ಬಾಯಿಲ್ಲದ ಹುಟ್ಟು ನನ್ನದು.

ಮಳೆಗಾಲಕ್ಕೆ ಮೊದಲೇ ಬೇಲಿ ಬಂತು. ಯಾರದ್ದೂ ಅಲ್ಲದ ಜಾಗವಂತೆ, ಹಟ್ಟಿಯವರೇ ಹಾಗಂದರಂತೆ, ಯಾವುದೋ ಕಾರ್ಖಾನೆಗೆ ಕೊಟ್ಟಾಯಿತಂತೆ. ಜೆಸಿಬಿ ನನ್ನನ್ನು ಕಿತ್ತು ತಂದು ಗೇಟಿನ ಪಕ್ಕ ಕಂಬವಾಗಿ ನಿಲ್ಲಿಸಿತು. ಹಸುಗಳು ಉಜ್ಜಿ ಉಜ್ಜಿ ನುಣುಪು ಮಾಡಿದ ಸೊಂಟಕ್ಕೇ ಮುಳ್ಳುತಂತಿ ಸುತ್ತಿದರು. ಬೇರೆ ಕಲ್ಲು ಸಿಗಲಿಲ್ಲವೇ ಇವರಿಗೆ?

ಚಿತ್ತಮ್ಮನ ಮುದಿ ಹಸು ಕೆಂದಿ ನನ್ನ ಗುರುತು ಹಿಡಿದು ಬಂತು. ಎಂದಿನಂತೆ ಕುತ್ತಿಗೆ ಒಡ್ಡಿ ಉಜ್ಜಿತು. ಮುಳ್ಳು ಅದರ ಕುತ್ತಿಗೆಯಡಿ ಜೋಲುವ ಗಂಗೆದೊಗಲನ್ನು ಸೀಳಿತು. ಬಿಸಿ ರಕ್ತ ನನ್ನ ಮೇಲೆ ಇಳಿಯಿತು. ತುರಿಕೆ ಕಳೆಯಲು ಹುಟ್ಟಿದ ನನ್ನ ಕೈಯಲ್ಲಿ ಈ ಕೆಲಸ ಮಾಡಿಸಿದರು.

ಚಿತ್ತಮ್ಮ ಅಳಲಿಲ್ಲ. ಸೆರಗಿನಿಂದ ಹಸುವಿನ ರಕ್ತ ಒರೆಸಿ, ಬರಿಗೈಯಲ್ಲೇ ತಂತಿ ಬಿಚ್ಚತೊಡಗಿದಳು. ಗೇಟು ಕಾಯುವವನು ಓಡಿ ಬಂದ. ಪಕ್ಕದ ಹಟ್ಟಿಯವನೇ.

“ಬಿಡಕ್ಕಾ, ನನ್ ಕೆಲ್ಸ ಹೋಗ್ತೈತೆ. ನಮ್ದಲ್ಲ ಅಂತ ನೀವೇ ಹೇಳಿದ್ರಂತಲ್ಲ.”

“ಹೇಳಿದ್ವಿ. ಮನುಷ್ಯನ ಮುಂದೆ ಹೇಳ್ತಿದೀವಿ ಅಂದ್ಕಂಡಿದ್ವಿ.” ಅವಳ ಬೆರಳುಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. “ಈಗ ಕೇಳು. ಈ ಹುಲ್ಲು ನಂದು.”

ತಂತಿ ಬಿಚ್ಚಿ ಬಿಸಾಕಿ, ಗೇಟು ತಳ್ಳಿ ದನಗಳನ್ನು ಒಳಗೆ ಬಿಟ್ಟು, ಅದು ಮುಚ್ಚಲಾಗದಂತೆ ದಾರಿಗೆ ಅಡ್ಡ ಕೂತು, ನನಗೆ ಬೆನ್ನು ಆನಿಸಿದಳು. ಮಧ್ಯಾಹ್ನದ ಹೊತ್ತಿಗೆ ಕ್ಯಾತಣ್ಣ ಬಂದು ಅವಳ ಪಕ್ಕ ಕೂತ. ಅವನ ಹಿಂದೆ ಹಟ್ಟಿ ಬಂತು.

ಅವರು ಇನ್ನೂ ಎದ್ದಿಲ್ಲ. ಪೊಲೀಸರು ಬರುತ್ತಾರೆ ಎನ್ನುತ್ತಾರೆ. ನನಗೋ ವಯಸ್ಸಾಯಿತು, ಬುಡ ಸಡಿಲವಾಗಿದೆ. ಆದರೂ ಅವಳ ಬೆನ್ನಿಗೆ ಆಸರೆಯಾಗುವಷ್ಟು ಗಟ್ಟಿಯಾಗಿದ್ದೇನೆ. ಕೂತವರು ಮಾತಿನ ನಡುವೆ ಆ ಸಾಹೇಬರನ್ನು ಕಲ್ಲುಮನಸ್ಸಿನವನು ಎಂದು ಬೈಯುತ್ತಾರೆ. ಆಗ ನನಗೆ ಅವರ ಮೇಲೂ ಸಿಟ್ಟು ಬರುತ್ತದೆ. ಕಲ್ಲು ನಾನು. ಇಷ್ಟು ಕಾಲದಲ್ಲಿ ಹತ್ತಿರ ಬಂದ ಒಂದು ಹಸುವಿಗೂ ನಾನು ಬೇಡ ಅಂದಿಲ್ಲ.