ಗಾಳಿಗಳ ಕೊನೆಯ ಪ್ರತಿ

ಯಾರಾದರೂ ಪುಸ್ತಕ ಕೇಳಿದರೆ ವೇದಾವತಿಗೆ ಸಿಟ್ಟು ಬರುತ್ತಿತ್ತು. ಲೈಬ್ರರಿಯನ್ ಆದವಳಿಗೆ ಇದೆಂಥ ರೋಗ ಎಂದು ನೀವು ಕೇಳಬಹುದು. ಆದರೆ ಮುಂಬೈ ಹತ್ತಿರದ ಕಲ್ಯಾಣದ ಆ ಕಾಲೇಜಿನಲ್ಲಿ ಅವಳ ಸಿಟ್ಟೆಲ್ಲ ಒಂದೇ ಕಪಾಟಿಗೆ ಮೀಸಲಾಗಿತ್ತು, ಒಳಕೋಣೆಯ ಕನ್ನಡದ ಕಪಾಟಿಗೆ.

ಎರಡು ವರ್ಷದ ಹಿಂದೆ ಠಾಣೆ, ಕಲ್ಯಾಣ, ಸಾನಪಾಡಾದ ಮೂರು ಕಾಲೇಜುಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಮೂರೂ ಕಡೆ ಜಾಗವಿಲ್ಲ. ಪುಸ್ತಕ ಇದ್ದಲ್ಲೆಲ್ಲ ಕಂಪ್ಯೂಟರ್ ಬಂದು ಕೂರಬೇಕಿತ್ತು. ಹಾಗಾಗಿ ವಿಜ್ಞಾನವನ್ನು ಠಾಣೆಯವರು ಕಾಯಬೇಕು, ಕಾಮರ್ಸನ್ನು ಸಾನಪಾಡಾದವರು, ಭಾಷೆಗಳನ್ನು ಕಲ್ಯಾಣದವರು. ಒಬ್ಬರು ಕಾಯುತ್ತೇವೆಂದು ಮಾತು ಕೊಟ್ಟ ಪುಸ್ತಕವನ್ನು ಉಳಿದಿಬ್ಬರು ರದ್ದಿಗೆ ಹಾಕಬಹುದು, ಬೇಕಾದಾಗ ಕೇಳಿ ತರಿಸಿಕೊಳ್ಳಬಹುದು.

ಮೀಟಿಂಗಿನಲ್ಲಿ ಎಲ್ಲರೂ ಇದನ್ನು ಭಾರೀ ಹೊಸ ಯೋಚನೆ ಎಂದು ಹೊಗಳಿದಾಗ ವೇದಾವತಿ ಒಳಗೊಳಗೇ ನಕ್ಕಳು. ಉಡುಪಿ ಕಡೆಯ ಅವಳ ತಾಯಿಮನೆ ಊರಿನ ಭಂಡಾರದ ಮನೆ. ದೈವದ ಖಡ್ಗ, ಗಂಟೆ, ಬೆಳ್ಳಿಯ ಮೊಗ ಎಲ್ಲ ಅಲ್ಲಿನ ಮರದ ಪೆಟ್ಟಿಗೆಯಲ್ಲಿ. ಕಾಯುವುದು ಒಂದು ಮನೆ, ಸೊತ್ತು ಇಡೀ ಊರಿನದು. ಅದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಇಡಬೇಕು, ನೆಲಕ್ಕೆ ತಾಗಿಸಬಾರದು, ಕಾಲಿನ ಮಟ್ಟದಲ್ಲಿ ಇಡಲೇಬಾರದು. ಅವಳು ಹಾಗೆಯೇ ಮಾಡಿದಳು. ಒಪ್ಪಂದದ ಮರುವಾರವೇ ಕನ್ನಡದ ಪುಸ್ತಕಗಳಿಗೆಲ್ಲ ಕೆಂಪು ಬಟ್ಟೆಯ ಹೊದಿಕೆ ಬಂತು, ಕಪಾಟಿಗೆ ಬೀಗ ಬಿತ್ತು. ಭಂಡಾರ ವರ್ಷಕ್ಕೊಮ್ಮೆಯಾದರೂ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ ಎನ್ನುವುದನ್ನು ಮಾತ್ರ ಜಾಣೆ ಮರೆತಿದ್ದಳು.

ಅವಳು ಬಿಟ್ಟುಕೊಡದ ಪುಸ್ತಕಗಳಲ್ಲಿ ಒಂದು ಗಾಳಿಗಳದ್ದು. ಕರಾವಳಿಯ ಮೀನುಗಾರರು ಗಾಳಿಗಳಿಗೆ ಇಟ್ಟ ಹೆಸರುಗಳನ್ನು ಯಾರೋ ಮೇಷ್ಟ್ರು ದೋಣಿದೋಣಿ ಹತ್ತಿ ಕೂಡಿಸಿದ್ದರು. ಠಾಣೆಯ ಲೈಬ್ರರಿಯನ್ ಸಂಕರ್ಷಣ ಮೈಸೂರಿನವರು. ಹೊಸದಾಗಿ ಠಾಣೆಗೆ ಬಂದಾಗ, ಮಾತಾಡಿಸುವವರಿಲ್ಲದ ಮಧ್ಯಾಹ್ನಗಳಲ್ಲಿ, ಕೆರೆಯ ದಂಡೆಯಲ್ಲಿ ಕೂತು ಆ ಪುಸ್ತಕ ಓದುತ್ತಿದ್ದರಂತೆ. "ನಮ್ಮೂರಲ್ಲಿ ಗಾಳಿಗೆ ಒಂದೇ ಹೆಸರು ಮೇಡಂ, ಗಾಳಿ" ಎಂದು ನಗುತ್ತಿದ್ದರು. ಠಾಣೆಯ ಪ್ರತಿಯನ್ನು ರದ್ದಿಗೆ ಹಾಕುವ ದಿನ ಅವರ ಕೈ ಹಿಂದೆ ಮುಂದೆ ನೋಡಿದಾಗ ವೇದಾವತಿಯೇ ಫೋನಿನಲ್ಲಿ ಹೇಳಿದ್ದಳು: "ನನ್ನಲ್ಲಿ ಉಂಟಲ್ಲ ಸರ್, ನಿಮ್ಮದನ್ನು ಬಿಡಿ. ನಾನಿರುವಷ್ಟು ದಿನ ಅದಕ್ಕೆ ಎಂಥದೂ ಆಗುದಿಲ್ಲ." ಅವರು ಬಿಟ್ಟರು. ಆಮೇಲೆ ಎಷ್ಟು ಸಲ ಕೇಳಿದರೂ ಅವಳು ಕಳಿಸಲಿಲ್ಲ. ಒಮ್ಮೆ ಮಳೆ ಎಂದಳು, ಒಮ್ಮೆ ಹೊಲಿಗೆ ಸಡಿಲ ಎಂದಳು.

ಈ ಸಲ ಅವರು ಮೆತ್ತಗೆ ಹೇಳಿದರು: "ನಾನು ರಿಟೈರ್ ಆಗಿ ಮೈಸೂರಿಗೆ ಹೊರಟಿದೀನಿ ಮೇಡಂ. ಒಂದೇ ಒಂದು ಸಲ ನೋಡ್ಬಿಟ್ಟು ಕೊಡ್ತೀನಿ."

ವೇದಾವತಿಗೆ ನಾಚಿಕೆಯಾಯಿತು. ಪ್ಯೂನ್ ಕೈಯಲ್ಲಿ ಕೊಡಲು ಮನಸ್ಸು ಬಾರದೆ ತಾನೇ ಹೊರಟಳು. ಠಾಣೆ ಸ್ಟೇಷನ್ನಿನಲ್ಲಿ ಅವರು ಕಾಯುವುದೆಂದು ಮಾತಾಯಿತು.

ಬೆಳಗಿನ ನೂಕುನುಗ್ಗಲು ಇಳಿದ ಹೊತ್ತು. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸೀಟಿನ ಕೆಳಗೆ ಇಡುವುದುಂಟೇ? ಕೆಂಪು ಗಂಟನ್ನು ಭಕ್ತಿಯಿಂದ ತಲೆಯ ಮೇಲಿನ ರ‍್ಯಾಕಿಗೆ ಏರಿಸಿ ಕೂತಳು. ಡೊಂಬಿವಲಿ ದಾಟಿದ ಮೇಲೆ ನಿದ್ದೆಗೆ ಕಣ್ಣು ಕೂರಲಾರಂಭಿಸಿತು. ಮುಂಬ್ರಾದ ಗುಡ್ಡ, ಸಮುದ್ರ ಒಳನುಗ್ಗಿದ ಖಾಡಿಯ ಬೂದುನೀರು, ಅದರ ಕೆಸರಿನ ಕಾಂಡ್ಲಾ ಗಿಡಗಳು ಒಂದರೊಳಗೊಂದು ಕರಗಿದವು. ಅರೆನಿದ್ದೆಯಲ್ಲಿ ನೀರಿನ ಮೇಲೆ ಒಂದು ಮೆರವಣಿಗೆ ನಡೆದಿತ್ತು. ಹೆಂಗಸರು ತಲೆಯ ಮೇಲೆ ಕೆಂಪು ಗಂಟು ಹೊತ್ತು ಸಾಲಾಗಿ ಹೋಗುತ್ತಿದ್ದರು, ಅವರ ಪಾದ ಒದ್ದೆಯಾಗುತ್ತಿರಲಿಲ್ಲ. ಪ್ರತಿಯೊಂದು ಗಂಟಿನೊಳಗೂ ಗಾಳಿ ಮೆಲ್ಲಗೆ ಉಸಿರಾಡುತ್ತಿತ್ತು. ಅವಳ ತಾಯಿಯೂ ಆ ಸಾಲಿನಲ್ಲಿ ಇದ್ದಳು. "ನಿನ್ನದೆಲ್ಲಿ ಮಗಾ?" ಎಂದು ತಿರುಗಿ ಕೇಳಿದಳು.

"ಠಾಣೆ! ಉತ್ರಾ, ಉತ್ರಾ!" ಎಂದು ಯಾರೋ ಇಳಿಯುವಂತೆ ಮರಾಠಿಯಲ್ಲಿ ಕೂಗಿದರು. ವೇದಾವತಿ ಧಡಕ್ಕನೆ ಎದ್ದಳು. ಹಿಂದಿನವರ ನೂಕಿಗೆ ಪ್ಲಾಟ್‌ಫಾರಂ ತಾನಾಗಿಯೇ ಕಾಲಿಗೆ ಸಿಕ್ಕಿತು. ಸಂಕರ್ಷಣರು ನಗುತ್ತ ಎರಡೂ ಕೈ ಮುಂದೆ ಚಾಚಿ ಬರುತ್ತಿದ್ದರು. ಆ ಖಾಲಿ ಕೈಗಳನ್ನು ನೋಡಿದ ಮೇಲೆಯೇ ತನ್ನ ಕೈಯೂ ಖಾಲಿ ಎಂದು ಅವಳಿಗೆ ತಿಳಿದದ್ದು. ಗಾಡಿ ಹೊರಟಾಗಿತ್ತು.

ಸ್ಟೇಷನ್ ಮಾಸ್ತರರು ಫೋನ್ ಮಾಡಿ ವಿಚಾರಿಸಿದರು. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು: ಘಾಟ್‌ಕೋಪರಿನಲ್ಲಿ ನೋಡಿದ್ದಾರೆ, ರ‍್ಯಾಕ್ ಖಾಲಿ.

ಇಬ್ಬರೂ ಬೆಂಚಿನ ಮೇಲೆ ಕೂತರು. ಬೈಯಬಾರದೇ ಇವರು, ಎಂದು ಅವಳಿಗೆ ಅನಿಸಿತು. ಕೊನೆಗೆ ಅವಳೇ ಬಾಯಿಬಿಟ್ಟಳು: "ನಿಮ್ಮ ಪ್ರತಿಯನ್ನೂ ನಾನೇ ಕಳೆದೆ ಸರ್. ನನ್ನ ಮಾತು ನಂಬಿ ನೀವು ರದ್ದಿಗೆ ಕೊಟ್ಟದ್ದು."

"ಬಿಡಿ ಮೇಡಂ, ಒಂದಿಷ್ಟು ನನ್ನ ತಲೇಲಿ ಇದೆ" ಎಂದರು ಸಂಕರ್ಷಣರು. ಕಣ್ಣು ಮುಚ್ಚಿ ಹೇಳತೊಡಗಿದರು. ಬಲೆ ಒಣಗಿಸುವ ಗಾಳಿಯ ಹೆಸರು ಬಂತು. ಮೋಡ ಹೊತ್ತು ತರುವ ಗಾಳಿಯದ್ದು ಬಂತು. "ಸಂಜೆ ದೋಣಿಗಳನ್ನ ದಡಕ್ಕೆ ತಳ್ಕೊಂಡು ಬರೋ ಗಾಳಿ ಇತ್ತಲ್ಲ, ನನಗೆ ತುಂಬಾ ಇಷ್ಟವಾದದ್ದು, ಅದಕ್ಕೇನೋ..." ಎಂದು ತಡವರಿಸಿದರು. ತುಟಿ ಆಡಿತು, ಹೆಸರು ಬರಲಿಲ್ಲ. ಕಣ್ಣು ಬಿಟ್ಟು ಹಳಿಗಳನ್ನೇ ನೋಡುತ್ತ ಕೂತರು. ಕೂಡಿಸಿದ ಮೇಷ್ಟ್ರು ಇಲ್ಲ, ಆ ದೋಣಿಗಳಿಲ್ಲ, ಈಗ ಹೆಸರೂ ಇಲ್ಲ.

ಕಲ್ಯಾಣದ ಕಡೆ ಹೋಗುವ ಒಂದು ಗಾಡಿ ಎದುರಿನ ಪ್ಲಾಟ್‌ಫಾರಮ್ಮಿಗೆ ಬಂದು ಹೋಯಿತು. ಮೆಟ್ಟಿಲಿಳಿದು ಒಬ್ಬ ಹುಡುಗಿ ಓಡಿ ಬಂದಳು. ಕುತ್ತಿಗೆಯಲ್ಲಿ ಯಾವುದೋ ಫ್ಯಾಕ್ಟರಿಯ ಐಡಿ ಕಾರ್ಡು, ಎದೆಗವಚಿಕೊಂಡ ಕೆಂಪು ಗಂಟು. ಎಲ್ಲರ ಮುಖ ನೋಡುತ್ತ ಬಂದವಳು ವೇದಾವತಿಯ ಮುಂದೆ ನಿಂತಳು.

"ಆಂಟಿ, ಏ ಆಪ್‌ಕಾ ಹೈ ನಾ?"

ಹುಡುಗಿ ಏದುಸಿರು ಬಿಡುತ್ತಲೇ ಹಿಂದಿಯಲ್ಲಿ ನಡೆದದ್ದನ್ನು ಹೇಳಿದಳು. ಗಾಡಿ ಠಾಣೆ ಬಿಟ್ಟ ಮೇಲೆ, ನಿದ್ದೆಯಿಂದೆದ್ದು ಗಡಬಡಿಸಿ ಇಳಿದವಳ ಗಂಟು ಡಬ್ಬಿಯ ಹೆಂಗಸರ ಕಣ್ಣಿಗೆ ಬಿತ್ತು. ಕೆಂಪು ಬಟ್ಟೆ ನೋಡಿ ದೇವರೆಂದುಕೊಂಡರು, ಕೆಳಗಿಡಲು ಯಾರಿಗೂ ಧೈರ್ಯವಿಲ್ಲ. ಕೈಯಿಂದ ಕೈಗೆ ಬಾಗಿಲವರೆಗೆ ಬಂತು. ಮುಂದಿನ ಸ್ಟೇಷನ್ ಮುಲುಂಡಿನಲ್ಲಿ ಇಳಿಯುವವಳೊಬ್ಬಳು ಹೊತ್ತು ಇಳಿದಳು. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಠಾಣೆಗೆ ಹೋಗುವವರು ಯಾರೆಂದು ಪ್ಲಾಟ್‌ಫಾರಮ್ಮಿನಲ್ಲಿ ಕೂಗಿದಳು. ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಗೆ ಹೋಗುವ ಈ ಹುಡುಗಿ ಕೈ ಚಾಚಿದಳು.

"ನಾನೇ ಎಂದು ಹೇಗೆ ಗೊತ್ತಾಯಿತು?" ಎಂದು ವೇದಾವತಿ ಹಿಂದಿಯಲ್ಲಿ ಕೇಳಿದಳು.

"ಗಂಟು ಕೊಟ್ಟವರು ಅಳುತ್ತಾ ಕೂತವರಿಗೆ ಕೊಡು ಅಂದಿದ್ದರು."

ವೇದಾವತಿ ಕೆನ್ನೆ ಮುಟ್ಟಿಕೊಂಡಳು. ಒದ್ದೆಯಾಗಿತ್ತು. ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಎರಡೂ ಕೈಯಲ್ಲಿ ಸಂಕರ್ಷಣರಿಗೆ ಕೊಟ್ಟಳು. ಗಂಟನ್ನು ಬಿಚ್ಚಿದವಳೂ ಅವಳೇ.

"ದೇವರಲ್ವಾ? ಪುಸ್ತಕವಾ!" ಹುಡುಗಿಗೆ ಮೋಸ ಹೋದಂತಾಯಿತು. "ಇಷ್ಟು ಜನ ಹೊತ್ತುಕೊಂಡು ಬಂದೆವಲ್ಲ, ಏನಿದೆ ಇದರಲ್ಲಿ?"

"ಗಾಳಿಗಳ ಹೆಸರು" ಎಂದಳು ವೇದಾವತಿ.

ಸಂಕರ್ಷಣರು ಹಾಳೆ ತಿರುವಿದರು. ಒಂದು ಹಾಳೆಯಲ್ಲಿ ಕೈ ನಿಂತಿತು. ಮುಖ ಬೆಳಗಿತು. "ಮನೆಗಾಳಿ" ಎಂದು ಓದಿದರು, "ಮನೆಗಾಳಿ ಮೇಡಂ!" ಸಂಜೆ ದೋಣಿಗಳನ್ನು ಮನೆಗೆ ಕರೆತರುವ ಗಾಳಿ ಎಂದು ವೇದಾವತಿ ಹುಡುಗಿಗೆ ಬಿಡಿಸಿ ಹೇಳಿದಳು.

ರಬಾಳೆಯ ಕಡೆಯ ಗಾಡಿಯ ಅನೌನ್ಸ್‌ಮೆಂಟ್ ಕೇಳಿಸಿತು. ಹುಡುಗಿ ಬೆಚ್ಚಿ ಸೇತುವೆಯ ಕಡೆ ಓಡಿದಳು. ಮೆಟ್ಟಿಲಿನ ಅರ್ಧದಲ್ಲಿ ನಿಂತು ತಿರುಗಿ, ಸರಿಯಾಯಿತೇ ಎಂದು ಕೇಳುವಂತೆ ಕೂಗಿದಳು: "ಮನೆಗಾಲೀ?"

ವೇದಾವತಿ ಹೌದೆಂದು ತಲೆಯಾಡಿಸಿದಳು. ಹುಡುಗಿ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಮೇಲೆ ಹತ್ತಿ ಹೋದಳು.